ಮನೆಯ ಗ್ಯಾರೇಜಿನಲ್ಲೇ ಲೋಹದ ವಿಮಾನ: ಕಟ್ಟುವುದು ಹೇಗೆ, ಕಷ್ಟ ಎಲ್ಲಿ?

ಮುಂಬೈನ ಕಾಂದಿವಲಿಯಲ್ಲಿ ವಸತಿ ಕಟ್ಟಡವೊಂದರ ತಾರಸಿಯ ಮೇಲೆ ಆರು ಆಸನಗಳ ವಿಮಾನ ಸಿದ್ಧವಾದದ್ದು ಹಲವರಿಗೆ ನೆನಪಿರಬಹುದು. ಪೈಲಟ್ ಅಮೋಲ್ ಯಾದವ್ ಕಟ್ಟಿದ ಆ ವಿಮಾನ 2016ರ ಫೆಬ್ರವರಿಯಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ‘ಮೇಕ್ ಇನ್ ಇಂಡಿಯಾ’ ಮೇಳದಲ್ಲಿ ಜನರ ಕಣ್ಣಿಗೆ ಬಿತ್ತು. ಕಾರ್ಖಾನೆಯಿಲ್ಲದೆ ವಿಮಾನ ಕಟ್ಟಬಹುದೇ? ಹೌದು. ಅಮೆರಿಕದಲ್ಲಿ ಕಾರು ನಿಲ್ಲಿಸುವ ಗ್ಯಾರೇಜಿನಲ್ಲೇ ಸಾವಿರಾರು ಮಂದಿ ಕಟ್ಟಿದ್ದಾರೆ.

ಅಲ್ಲಿ ಹೆಚ್ಚಿನವರು ಬಿಡಿಭಾಗಗಳ ಕಿಟ್ ತರಿಸಿಕೊಳ್ಳುತ್ತಾರೆ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಆರಂಭಿಸಿದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಸರಣಿಯ 11,000ಕ್ಕೂ ಹೆಚ್ಚು ವಿಮಾನಗಳು ಈವರೆಗೆ ಹಾರಿವೆ. ಎಂಜಿನ್, ಪ್ರೊಪೆಲ್ಲರ್ ಬೇರೆ ಕೊಳ್ಳಬೇಕು. ಜೇಬಿಗೆ ಭಾರವಾಗುವುದೂ ಅವೇ.

ಮೈಯೆಲ್ಲ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಹಲವೆಡೆ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ತುಕ್ಕು ತಡೆಯಲು ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವಿರುತ್ತದೆ. ಹಾಗಾಗಿ ಗೀರು ಬೀಳದಂತೆ ನೋಡಿಕೊಳ್ಳಬೇಕು. ಗುರುತು ಹಾಕಲು ಪೆನ್ಸಿಲ್ ಬಳಸುವಂತಿಲ್ಲ, ಸೀಸದಲ್ಲಿರುವ ಗ್ರಾಫೈಟ್ ತಾಗಿದ ಕಡೆ ಲೋಹ ಸವೆಯತೊಡಗುತ್ತದೆ. ಮಾರ್ಕರ್ ಪೆನ್ ಸಾಕು.

ಮೊದಲು ಚೌಕಟ್ಟಿನ ಮೇಲೆ ತಗಡನ್ನು ತಾತ್ಕಾಲಿಕ ಕ್ಲಿಪ್ಪುಗಳಿಂದ ಹಿಡಿಸಿ, ತೂತುಗಳನ್ನು ಸರಿ ಅಳತೆಗೆ ಕೊರೆಯುತ್ತಾರೆ. ಮತ್ತೆ ಎಲ್ಲವನ್ನೂ ಬಿಚ್ಚಿ, ಪ್ರತಿ ತೂತಿನ ಅಂಚಿನ ಚೂಪು ಸಿಬಿರನ್ನು ತೆಗೆಯಬೇಕು. ರಿವೆಟ್‌ನ ತಲೆ ತಗಡಿನ ಮಟ್ಟಕ್ಕೆ ಕೂರಲೆಂದು ತೂತಿನ ಸುತ್ತ ಸಣ್ಣ ಗುಳಿ ಒತ್ತಬೇಕು. ಆಮೇಲಷ್ಟೇ ರಿವೆಟ್. ಒಬ್ಬರು ಹೊರಗಿನಿಂದ ಗಾಳಿ ಒತ್ತಡದ ಗನ್ ಹಿಡಿದರೆ, ಇನ್ನೊಬ್ಬರು ಒಳಗಿನಿಂದ ಉಕ್ಕಿನ ತುಂಡನ್ನು ಒತ್ತಿ ಹಿಡಿಯುತ್ತಾರೆ. ಸದ್ದಿಗೆ ನೆರೆಮನೆಯವರು ಎದ್ದು ಬಂದರೆ ಆಶ್ಚರ್ಯವಿಲ್ಲ! ಸೊಟ್ಟಗೆ ಕೂತ ರಿವೆಟ್ಟನ್ನು ಕೊರೆದು ತೆಗೆಯಬೇಕು. ಆಗ ತೂತು ದೊಡ್ಡದಾದರೆ ದಪ್ಪ ರಿವೆಟ್ ಹುಡುಕಬೇಕು. ಇಂಥ ಸಾವಿರಾರು ರಿವೆಟ್‌ಗಳು ಒಂದು ವಿಮಾನದಲ್ಲಿರುತ್ತವೆ. ವಾರಾಂತ್ಯದಲ್ಲಷ್ಟೇ ಕೂರುವವರಿಗೆ ವರ್ಷಗಳೇ ಹಿಡಿಯುತ್ತವೆ.

ತೂತಿನ ಅಂಚು ಎಷ್ಟು ಮುಖ್ಯ ಎಂಬುದು 2023ರಲ್ಲಿ ಎಲ್ಲರಿಗೂ ತಿಳಿಯಿತು. ವ್ಯಾನ್ಸ್ ಕಂಪನಿ ಲೇಸರ್‌ನಿಂದ ಕತ್ತರಿಸಿ ಕಳಿಸಿದ ಕೆಲವು ಬಿಡಿಭಾಗಗಳಲ್ಲಿ, ಗುಳಿ ಒತ್ತುವಾಗ ತೂತಿನ ಅಂಚು ಬಿರುಕು ಬಿಡುತ್ತಿತ್ತು. ಬದಲಿ ಭಾಗಗಳ ಹೊರೆಯೂ ಸೇರಿ, ಅದೇ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮುಂಗಡ ಕೊಟ್ಟವರ ಗ್ಯಾರೇಜುಗಳಲ್ಲಿ ಅರ್ಧ ಕಟ್ಟಿದ ರೆಕ್ಕೆಗಳು ಉಳಿದವು. ಕಂಪನಿ ಮುಚ್ಚಲಿಲ್ಲ, ಆದರೆ ಕಿಟ್ ಬೆಲೆ ಏರಿತು.

ಅಮೆರಿಕದ ನಿಯಮ ಸರಳ: ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ ಮಾಡಿರಬೇಕು. ಅಧಿಕಾರಿಗಳ ತಪಾಸಣೆಯ ನಂತರ ನಿಗದಿತ ಪ್ರದೇಶದಲ್ಲಿ ಪರೀಕ್ಷಾ ಹಾರಾಟ. ಸಾಮಾನ್ಯವಾಗಿ ಅದು 25 ಅಥವಾ 40 ಗಂಟೆ. ಪ್ರಯಾಣಿಕರನ್ನು ಕೂರಿಸಿಕೊಳ್ಳುವುದು ಆ ಬಳಿಕವೇ.

ಭಾರತದಲ್ಲಿ ಯಾದವ್ ಅವರಿಗೆ ತಗಡಿಗಿಂತ ಕಾಗದವೇ ಗಟ್ಟಿಯಾಯಿತು. ಮೇಳದಲ್ಲಿ ಎಲ್ಲರೂ ಮೆಚ್ಚಿದ ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ, ವಿಟಿ-ಎನ್‌ಎಂಡಿ ಎಂಬ ಹೆಸರಿನಲ್ಲಿ. ಹಾರಾಟದ ಅನುಮತಿ ಬರಲು ಮತ್ತೆ ಸುಮಾರು ಎರಡು ವರ್ಷ ಬೇಕಾಯಿತು. 2020ರಲ್ಲಿ ಮಹಾರಾಷ್ಟ್ರದ ಧುಳೆಯಲ್ಲಿ ಅದು ಪರೀಕ್ಷಾ ಹಾರಾಟ ನಡೆಸಿತು.