ಮಕ್ಕಾದ ತೂಕ, ಮದೀನಾದ ಅಳತೆ ಮತ್ತು ನಮ್ಮ ಪೀಣ್ಯ

ಅಬೂದಾವೂದ್ ಮತ್ತು ನಸಾಈ ಸಂಗ್ರಹಗಳಲ್ಲಿ ಒಂದು ಚಿಕ್ಕ ಹದೀಸ್ ಇದೆ. ತೂಕದ ವಿಷಯದಲ್ಲಿ ಮಕ್ಕಾದವರ ತೂಕವೂ ಅಳತೆಯ ವಿಷಯದಲ್ಲಿ ಮದೀನಾದವರ ಅಳತೆಯೂ ಪ್ರಮಾಣವೆಂಬುದು ಅದರ ಸಾರ. ಮದ್ರಸದ ದಿನಗಳಲ್ಲಿ ನಾವು ಇದನ್ನು ಝಕಾತಿನ ಲೆಕ್ಕಾಚಾರದೊಡನೆ ಓದಿ ಮುಂದೆ ಸಾಗಿದ್ದೆವು. ಇದರ ಹಿಂದಿರುವ ವ್ಯವಹಾರ ಜ್ಞಾನ ನಮಗೆ ಹೊಳೆದದ್ದು ಬಹಳ ತಡವಾಗಿ. ಮಕ್ಕಾದವರು ವರ್ತಕರು, ಬೆಳ್ಳಿ ಬಂಗಾರ ತೂಗಿ ಪಳಗಿದವರು. ಮದೀನಾದವರು ಖರ್ಜೂರದ ತೋಟಗಾರರು, ಸಾಅ್ ಮತ್ತು ಮುದ್ದ್‌ಗಳಲ್ಲಿ ಅಳೆದು ಕೊಡುವವರು. ಯಾವ ಕೆಲಸ ಯಾರ ಕೈಗೆ ಒಗ್ಗಿತ್ತೋ ಅವರ ಅಳತೆಯೇ ಉಳಿದವರಿಗೂ ಅಳತೆಯಾಯಿತು. ಅಂದರೆ ಅಳತೆ ಸರಿಯಿರಬೇಕೆಂಬುದರ ಜೊತೆಗೆ, ಅದು ಯಾರ ಅಳತೆ ಎಂಬ ಪ್ರಶ್ನೆಯೂ ಅಂದೇ ಎದ್ದಿತ್ತು.

ಯಶವಂತಪುರದ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರಿಗೆ ತಕ್ಕಡಿಗೆ ಮುದ್ರೆ ಹಾಕಿಸುವುದು ಗೊತ್ತಿರುವ ಸಂಗತಿ. ಅದು ಸರಕಾರದ ಕಾನೂನು, ಮುದ್ರೆಯಿಲ್ಲದಿದ್ದರೆ ದಂಡ. ಪಾವು, ಸೇರು, ಕೊಳಗಗಳು ಊರಿಂದೂರಿಗೆ ಬೇರೆಯಾಗುತ್ತಿದ್ದ ಕಾಲವನ್ನು ಮುಗಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂತು, 1958ರಿಂದ ಹಂತ ಹಂತವಾಗಿ ಕಿಲೋಗ್ರಾಂ ಬಂತು. ಆದರೆ ದೊಡ್ಡಬಳ್ಳಾಪುರದ ಗುಲಾಬಿಯೋ ದೇವನಹಳ್ಳಿ ಕಡೆಯ ತರಕಾರಿಯೋ ವಿಮಾನವೇರಿ ಯುರೋಪಿಗೆ ಹೊರಟಾಗ ಎದುರಾಗುವುದು ಬೇರೊಂದು ಬಗೆಯ ತಕ್ಕಡಿ. ಯಾವ ಔಷಧಿ ಸಿಂಪಡಿಸಿದಿರಿ, ಕೂಲಿಯಾಳಿಗೆ ಏನು ಕೊಟ್ಟಿರಿ, ನೀರನ್ನು ಎಲ್ಲಿಂದ ತಂದಿರಿ ಎಂದು ಕೊಳ್ಳುವವನು ಕೇಳುತ್ತಾನೆ, ಉತ್ತರಕ್ಕೆ ಪ್ರಮಾಣಪತ್ರ ಬೇಡುತ್ತಾನೆ. ಇದು ಯಾವ ದೇಶದ ಕಾನೂನೂ ಅಲ್ಲ. ಇದರ ಹೆಸರೇ ಸ್ವಯಂಪ್ರೇರಿತ ಮಾನದಂಡ. ಒಪ್ಪದವನಿಗೆ ಶಿಕ್ಷೆಯಿಲ್ಲ, ಆದರೆ ಅವನ ಮಾಲಿಗೆ ಗಿರಾಕಿಯೂ ಇಲ್ಲ. ಆ ಮಾತಿನಲ್ಲಿರುವ 'ಸ್ವಯಂಪ್ರೇರಣೆ' ಎಷ್ಟರದೆಂದು ಓದುಗರೇ ಊಹಿಸಬಹುದು.

ಇಂಥ ನಿಯಮಗಳು ಬರೆಯಲ್ಪಡುವ ಜಾಗದಲ್ಲಿ ಭಾರತ ಆರಂಭದಿಂದಲೂ ಕುಳಿತಿತ್ತು. 1947ರ ಜನವರಿ 6ರಂದು, ಸ್ವಾತಂತ್ರ್ಯಕ್ಕಿಂತ ಏಳು ತಿಂಗಳು ಮೊದಲೇ, ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. ಲಾಲ್‌ಚಂದ್ ವರ್ಮನ್ ಅದರ ಮೊದಲ ನಿರ್ದೇಶಕರು. ಅದೇ ವರ್ಷ ಫೆಬ್ರವರಿ 23ರಂದು ಅಂತಾರಾಷ್ಟ್ರೀಯ ಮಾನಕ ಸಂಘಟನೆಯಾದ ಐಎಸ್ಒ ಕಾರ್ಯಾರಂಭ ಮಾಡಿತು. ಅದನ್ನು ಕಟ್ಟಿದ 25 ದೇಶಗಳಲ್ಲಿ ನಮ್ಮದೂ ಒಂದು. ಭಾರತೀಯ ಸಂಸ್ಥೆಯೇ 1987ರ ಏಪ್ರಿಲ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತು. ಅದರ ಬೆಂಗಳೂರು ಶಾಖೆ ಯಶವಂತಪುರ ದಾಟಿ ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದೆ. ಐಎಸ್ಒ ಸಮಿತಿಗಳಲ್ಲಿ ಎರಡು ಬಗೆಯ ಸದಸ್ಯತ್ವವಿದೆ. ಒಂದು ಕರಡನ್ನು ಚರ್ಚಿಸಿ ಮತ ಹಾಕುವುದು, ಇನ್ನೊಂದು ಬರಿದೇ ಗಮನಿಸುವುದು. ಮೊದಲನೆಯದಕ್ಕೆ ತಜ್ಞರು ಬೇಕು, ಪರದೇಶದ ಸಭೆಗಳಿಗೆ ಪ್ರಯಾಣದ ಖರ್ಚು ಬೇಕು, ವರ್ಷಗಟ್ಟಲೆ ಪಟ್ಟುಹಿಡಿದು ಕೂರುವ ತಾಳ್ಮೆ ಬೇಕು. ಪೀಣ್ಯದ ಒಂದು ಸಣ್ಣ ಲೇತ್ ಕಾರ್ಖಾನೆಯ ಯಜಮಾನನಿಗೆ ಇವು ಯಾವುವೂ ನಿಲುಕುವಂಥವಲ್ಲ. ಆದ್ದರಿಂದಲೇ ಅವನ ಪರವಾಗಿ ಸರಕಾರ ಕೂರಬೇಕಾಗುತ್ತದೆ.

ಸರಕಾರಗಳು ಕೂರದ ಕಡೆ ಏನಾಯಿತೆಂಬುದಕ್ಕೆ ಒಂದು ದೃಷ್ಟಾಂತ ಸಾಕು. 1997ರಲ್ಲಿ ಯುರೋಪಿನ ದೊಡ್ಡ ಅಂಗಡಿ ಸರಪಳಿಗಳು ಸೇರಿ ಯುರೆಪ್‌ಗ್ಯಾಪ್ ಎಂಬ ಕೃಷಿ ಮಾನದಂಡವನ್ನು ರೂಪಿಸಲು ಹೊರಟವು. 2007ರಲ್ಲಿ ಅದು ಗ್ಲೋಬಲ್‌ಗ್ಯಾಪ್ ಆಯಿತು. 2005ರಲ್ಲಿ ಕೆರಿಬಿಯನ್ನಿನ ಪುಟ್ಟ ದ್ವೀಪರಾಷ್ಟ್ರ ಸೇಂಟ್ ವಿನ್ಸೆಂಟ್, ತನ್ನ ಬಾಳೆಹಣ್ಣಿನ ರೈತರಿಗೆ ಇದರಿಂದ ಬಂದ ಕಷ್ಟವನ್ನು ವಿಶ್ವ ವ್ಯಾಪಾರ ಸಂಘಟನೆಯ ಸಮಿತಿಯ ಮುಂದಿಟ್ಟಿತು. ಇದು ಖಾಸಗಿಯವರ ನಿಯಮ, ನಮ್ಮ ಕಾನೂನಲ್ಲ ಎಂಬುದು ಯುರೋಪಿನ ಕಡೆಯ ನಿಲುವಾಗಿತ್ತು. ಮಾತು ನಿಜ. ಬಾಳೆ ಬೆಳೆದವನಿಗೆ ಅದರಿಂದ ಪ್ರಯೋಜನವಾಗಲಿಲ್ಲ ಎಂಬುದೂ ನಿಜ.

ಹೀಗಿರುವಾಗ 2013ರಲ್ಲಿ ವಿಶ್ವಸಂಸ್ಥೆಯ ಐದು ಅಂಗಸಂಸ್ಥೆಗಳು ಕೂಡಿ ಸುಸ್ಥಿರತೆಯ ಮಾನದಂಡಗಳ ಕುರಿತು ಒಂದು ವೇದಿಕೆ ಸ್ಥಾಪಿಸಿದವು. ದೇಶಗಳೂ ತಮ್ಮದೇ ರಾಷ್ಟ್ರೀಯ ವೇದಿಕೆ ಕಟ್ಟಿಕೊಂಡು, ರೈತ, ರಫ್ತುದಾರ, ಅಧಿಕಾರಿ ಎಲ್ಲರೂ ಒಂದೆಡೆ ಕುಳಿತು ಈ ನಿಯಮಗಳನ್ನು ಪರಿಶೀಲಿಸಬೇಕೆಂಬುದು ಅದರ ಸಲಹೆ. 2016ರ ಮಾರ್ಚ್‌ನಲ್ಲಿ ದಿಲ್ಲಿಯಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಆಶ್ರಯದಲ್ಲಿ ನಮ್ಮ ದೇಶದ ವೇದಿಕೆ ಆರಂಭವಾಯಿತು. ಚೀನಾ, ಬ್ರೆಝಿಲ್‌ಗಳು ನಂತರ ಬಂದವು. ಇಂಥ ವೇದಿಕೆಗಳ ಸುದ್ದಿ ಹಳ್ಳಿಯ ತೋಟದವರೆಗೆ ತಲುಪುವುದು ನಿಧಾನ ಎಂಬ ಅಸಮಾಧಾನ ನಮಗಿದೆ.

ಇದಕ್ಕಿಂತ ಗಟ್ಟಿಯಾದ ಫಲ ಸಿಕ್ಕಿದ್ದು ಸಂಬಾರ ಪದಾರ್ಥಗಳಲ್ಲಿ. ಆಹಾರದ ಅಂತಾರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 1963ರದು. ಸಂಬಾರ ಪದಾರ್ಥಗಳಿಗೆ ಪ್ರತ್ಯೇಕ ಸಮಿತಿ ಬೇಕೆಂದು ಭಾರತ ಒತ್ತಾಯಿಸಿ, 2013ರಲ್ಲಿ ಅದನ್ನು ಪಡೆದು, ಆತಿಥ್ಯದ ಹೊಣೆಯನ್ನು ತಾನೇ ಹೊತ್ತಿತು. 2014ರಲ್ಲಿ ಕೊಚ್ಚಿಯಲ್ಲಿ ಮೊದಲ ಸಭೆ ಸೇರಿತು. 2017ರಲ್ಲಿ ಕಾಳುಮೆಣಸಿನ ಮಾನದಂಡ ಅಂಗೀಕಾರವಾಯಿತು. ಕೊಡಗು, ಚಿಕ್ಕಮಗಳೂರುಗಳಲ್ಲಿ ಬೆಳೆಯುವ ವಸ್ತುವಿನ ಅಳತೆಯನ್ನು ಬರೆಯುವ ಮೇಜಿನ ಮೇಲಾಳಾಗಿ ನಮ್ಮ ದೇಶ ಕುಳಿತಿತ್ತು. ಮದೀನಾದ ತೋಟಗಾರರ ಅಳತೆಯ ನೆನಪು ಬಂದದ್ದು ನಮಗೆ ಇಲ್ಲಿಯೇ.

ನಮ್ಮ ಮನೆಗಳಿಗೆ ತೀರ ಹತ್ತಿರವಾದ ಮಾನದಂಡದಲ್ಲಿ ಮಾತ್ರ ಸ್ಥಿತಿ ಬೇರೆ. ಹಲಾಲ್ ಎಂಬ ಪದದ ಬಳಕೆಗೆ ಕೋಡೆಕ್ಸ್ 1997ರಲ್ಲೇ ಮಾರ್ಗಸೂಚಿ ಹೊರಡಿಸಿತು. ದಬೀಹತ್ ಮುಂತಾದ ವಿಷಯಗಳಲ್ಲಿ ಮದ್‌ಹಬ್‌ಗಳ ನಡುವೆ ಸಣ್ಣಪುಟ್ಟ ಭಿನ್ನಾಭಿಪ್ರಾಯವುಂಟೆಂದು ಒಪ್ಪಿಕೊಂಡು, ವ್ಯಾಖ್ಯಾನವನ್ನು ಆಮದು ಮಾಡಿಕೊಳ್ಳುವ ದೇಶದ ಅಧಿಕಾರಿಗಳಿಗೆ ಬಿಟ್ಟಿತು. ಫಿಕ್ಹ್ ಓದಿದವರಿಗೆ ಇದು ವಿವೇಕದ ಮಾತೆಂದೇ ತೋರುತ್ತದೆ. ಆದರೆ ವ್ಯಾಪಾರಿಗೆ ಇದರ ಅರ್ಥ, ಪ್ರತಿ ಬಂದರಿಗೂ ಬೇರೆ ಪ್ರಮಾಣಪತ್ರ. ಇದನ್ನು ಒಂದಾಗಿಸಲು ಇಸ್ಲಾಮೀ ಸಹಕಾರ ಸಂಘಟನೆಯ ದೇಶಗಳು 2010ರಲ್ಲಿ ಇಸ್ತಾಂಬುಲ್‌ನಲ್ಲಿ ಸ್ಮಿಕ್ ಎಂಬ ಸಂಸ್ಥೆ ಕಟ್ಟಿದವು, ಮರುವರ್ಷ ಹಲಾಲ್ ಆಹಾರದ ಮಾನದಂಡ ಹೊರಬಂತು. ಭಾರತ ಆ ಸಂಘಟನೆಯ ಸದಸ್ಯ ರಾಷ್ಟ್ರವಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾಗಿದ್ದೂ, ದೇವ್‌ಬಂದ್, ನದ್ವಾಗಳಂಥ ವಿದ್ಯಾಕೇಂದ್ರಗಳಿದ್ದೂ, ಆ ಬರವಣಿಗೆಯ ಮೇಜಿನಲ್ಲಿ ನಮ್ಮ ಕುರ್ಚಿಯಿರಲಿಲ್ಲ.

ದೇಶದೊಳಗೂ ಬಹುಕಾಲ ಸರಕಾರಿ ಚೌಕಟ್ಟು ಇರಲಿಲ್ಲ. ಖಾಸಗಿ ಸಂಸ್ಥೆಗಳು ಕೊಟ್ಟ ಪತ್ರವೇ ಪತ್ರ. 2023ರ ಏಪ್ರಿಲ್‌ನಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಮಾಂಸ ರಫ್ತಿಗಾಗಿ ಗುಣಮಟ್ಟ ಮಂಡಳಿಯ ಐ-ಕಾಸ್ ಹಲಾಲ್ ಯೋಜನೆಯನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಅದರ ಕ್ರಮ ಹೀಗಿದೆ: ಮಂಡಳಿಯ ಅಂಗವಾದ ಎನ್‌ಎಬಿಸಿಬಿ ಪ್ರಮಾಣೀಕರಿಸುವ ಸಂಸ್ಥೆಗಳನ್ನು ಪರೀಕ್ಷಿಸಿ ಮಾನ್ಯ ಮಾಡುತ್ತದೆ, ಆ ಸಂಸ್ಥೆಗಳು ಕಸಾಯಿಖಾನೆ ಹಾಗೂ ಸಂಸ್ಕರಣಾ ಘಟಕಗಳನ್ನು ಪರೀಕ್ಷಿಸುತ್ತವೆ. ಅಂದರೆ ಪರೀಕ್ಷಕನಿಗೂ ಒಬ್ಬ ಪರೀಕ್ಷಕ. ಮಾರುಕಟ್ಟೆಯ ಮುಹ್ತಸಿಬ್‌ನನ್ನು ಖಾಝಿಯೂ ಗಮನಿಸುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. 2024ರ ಅಕ್ಟೋಬರ್ 16ರಿಂದ ಸೌದಿ ಅರೇಬಿಯಾ, ಯುಎಇ, ಮಲೇಷ್ಯಾ, ಇಂಡೋನೇಷ್ಯಾ ಸೇರಿ 15 ದೇಶಗಳಿಗೆ ಹಲಾಲ್ ಎಂದು ಕಳುಹಿಸುವ ಮಾಂಸಕ್ಕೆ ಈ ಮಾನ್ಯತೆ ಅಗತ್ಯವಾಯಿತು.

ಇನ್ನುಳಿದಿರುವುದು ಆ ದೇಶಗಳು ನಮ್ಮ ಪತ್ರವನ್ನು ತಮ್ಮದಕ್ಕೆ ಸಮವೆಂದು ಪರಿಗಣಿಸುವ ಮಾತು. ಅದಕ್ಕಾಗಿ ಒಂದೊಂದು ದೇಶದೊಡನೆಯೂ ಕುಳಿತು ಮಾತಾಡಬೇಕು. ಆ ಮಾತುಕತೆಗೆ ಹೋಗುವ ತಂಡದಲ್ಲಿ ಇಂಗ್ಲಿಷ್ ಬಲ್ಲ ಅಧಿಕಾರಿಯ ಪಕ್ಕದಲ್ಲಿ ಫಿಕ್ಹ್ ಬಲ್ಲ ಆಲಿಮ್ ಒಬ್ಬನಿಗೂ, ಕತ್ತಿ ಹಿಡಿದು ಕೆಲಸ ಮಾಡುವವನೊಬ್ಬನಿಗೂ ಜಾಗವಿರಬೇಕೆಂದು ನಾವು ಬಯಸುತ್ತೇವೆ. ಮಾನಕ ಬ್ಯೂರೋ ತನ್ನ ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ, ಅದಕ್ಕೆ ಯಾರು ಬೇಕಾದರೂ ಬರೆಯಬಹುದು. ನಮ್ಮ ಮದ್ರಸದ ಹಿರಿಯ ತರಗತಿಯ ಮಕ್ಕಳಿಗೆ ಈ ವರ್ಷ ಅಂಥದೊಂದು ಕರಡನ್ನು ಓದಿಸಿದೆವು. ಅರ್ಧ ಗಂಟೆಯಲ್ಲಿ ಎರಡು ಆಕ್ಷೇಪಗಳನ್ನು ಎತ್ತಿದರು, ಒಂದು ಸರಿಯಾಗಿಯೇ ಇತ್ತು.