ಸಕ್ಕರೆಯ ಜಾಗಕ್ಕೆ ಬಂದ ಸಿಹಿಗಳು



ಗೌರಿ ಹುಣ್ಣಿಮೆಯ ದಿನ ನಮ್ಮ ಕಡೆಯ ಮನೆಗಳಲ್ಲಿ ಸಕ್ಕರೆ ಆರತಿ ಬೆಳಗುವುದನ್ನು ನೀವು ನೋಡಿರುತ್ತೀರಿ. ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ತೆಗೆದ ಆನೆ, ತೇರು, ಗೋಪುರಗಳ ಸಾಲು ಅದು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಔಷಧ ಅಂಗಡಿಗಳಲ್ಲಿ ಈಗ ಸಕ್ಕರೆಗೆ ಬದಲಿಯೆಂದು ಸಣ್ಣ ಗುಳಿಗೆಗಳ ಡಬ್ಬಿಯೂ ಸಿಗುತ್ತದೆ. ಆದರೆ ಆ ಗುಳಿಗೆಗಳಿಂದ ಒಂದು ಆನೆಯನ್ನೂ ಎರಕ ಹೊಯ್ಯಲಾಗದು. ಏಕೆ ಆಗದು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಈ ಬದಲಿಗಳ ಇತಿಹಾಸವೂ ತಿಳಿಯುತ್ತದೆ, ಯಾವುದನ್ನು ಎಲ್ಲಿ ಬಳಸಬೇಕೆಂಬುದೂ ತಿಳಿಯುತ್ತದೆ.

ಮೊದಲು ಹೆಸರಿನ ಮಾತು. ಸಂಸ್ಕೃತದ 'ಶರ್ಕರಾ' ಎಂಬ ಶಬ್ದಕ್ಕೆ ಹರಳುಕಲ್ಲು, ಗರಸು ಎಂಬ ಅರ್ಥವೂ ಉಂಟು. ಕಲ್ಲಿಗೆ ಹೆಸರಾದ ಶಹಾಬಾದಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನ ಹರಳಿನಂತೆ ಕಾಣುವ ಸಿಹಿಗೆ ಅದೇ ಹೆಸರು ನಿಂತಿತು. ಅದೇ ಶಬ್ದ ಪಶ್ಚಿಮಕ್ಕೆ ಹೋಗಿ ಲ್ಯಾಟಿನ್ನಿನಲ್ಲಿ 'ಸ್ಯಾಕರಮ್' ಆಯಿತು; ಅದರಿಂದಲೇ ಮುಂದೆ ಸ್ಯಾಕರಿನ್ ಎಂಬ ಹೆಸರು ಬಂತು. ಬೀದರ್ ಜಿಲ್ಲೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಸಕ್ಕರೆ ಸೇರಿಸಿದ ಭಕ್ಷ್ಯಗಳ ವಿವರಣೆಯಿದೆ. ಆದರೆ ಅದು ಅರಮನೆಯ ಊಟ. ಜೋಳ, ತೊಗರಿ ಬೆಳೆಯುವ ಈ ಒಣಭೂಮಿಯಲ್ಲಿ ಸಾಮಾನ್ಯರ ಸಿಹಿ ಎಂದರೆ ಬೆಲ್ಲವೇ, ಅದೂ ಹಬ್ಬಕ್ಕೆ. 1956ರವರೆಗೆ ಈ ಭಾಗವು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ದೊಡ್ಡ ಸಕ್ಕರೆ ಕಾರ್ಖಾನೆ ನಿಜಾಮಾಬಾದ್ ಜಿಲ್ಲೆಯ ಬೋಧನದಲ್ಲಿ ಸ್ಥಾಪನೆಯಾದದ್ದು 1937ರಲ್ಲಿ. ಸಕ್ಕರೆ ದಿನನಿತ್ಯದ ವಸ್ತುವಾದದ್ದು ಇತ್ತೀಚೆಗೆ ಎಂಬುದನ್ನು ಮರೆಯಬಾರದು.

ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದ್ದು 1874ರಲ್ಲಿ. ಅದಾದ ಐದು ವರ್ಷಕ್ಕೆ, 1879ರಲ್ಲಿ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಇರಾ ರೆಮ್ಸೆನ್ ಅವರ ಪ್ರಯೋಗಾಲಯದಲ್ಲಿ ಕಲ್ಲಿದ್ದಲ ಡಾಂಬರಿನ ಪದಾರ್ಥಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್ಸ್ಟಾಂಟಿನ್ ಫಾಲ್ಬರ್ಗ್, ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಸಿಹಿಯಾಗಿರುವುದನ್ನು ಕಂಡು ಬೆರಗಾದ. ಸಿಹಿ ರೊಟ್ಟಿಯದಾಗಿರಲಿಲ್ಲ, ಅವನ ಕೈಯದಾಗಿತ್ತು. ಹೀಗೆ ಬೆಳಕಿಗೆ ಬಂದ ಸ್ಯಾಕರಿನ್ ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ. ಅಗ್ಗವಾದ ಈ ಸಿಹಿ ಯೂರೋಪಿನ ಬೀಟ್ ಸಕ್ಕರೆ ತಯಾರಕರ ಕಣ್ಣಿಗೆ ಮುಳ್ಳಾಯಿತು. ಜರ್ಮನಿ 1902ರಲ್ಲಿ ಅದನ್ನು ಔಷಧ ಅಂಗಡಿಗಳಿಗೆ ಸೀಮಿತಗೊಳಿಸಿದಾಗ ಸ್ವಿಟ್ಜರ್ಲೆಂಡಿನಿಂದ ಸ್ಯಾಕರಿನ್ ಕಳ್ಳಸಾಗಣೆ ನಡೆಯಿತು! ಅಮೆರಿಕದಲ್ಲಿ ಇದರ ಮೇಲೆ ನಿಷೇಧದ ಮಾತು ಬಂದಾಗ, ವೈದ್ಯರ ಸಲಹೆಯಂತೆ ಅದನ್ನೇ ಸೇವಿಸುತ್ತಿದ್ದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಿಡಿದೆದ್ದರು. ಮೊದಲ ಮಹಾಯುದ್ಧದಲ್ಲಿ ಸಕ್ಕರೆಗೆ ಬರ ಬಂದಾಗ ಮಾತ್ರ ನಿನ್ನೆಯವರೆಗೆ ಕಳ್ಳಮಾಲಾಗಿದ್ದದ್ದು ಎಲ್ಲರ ಅಡುಗೆಮನೆ ಸೇರಿತು. ಬಡವರ ಬದಲಿಯಾಗಿ, ಮಧುಮೇಹಿಗಳ ಔಷಧಿಯಾಗಿ ಅದು ಬೆಳೆಯಿತು. ಹೊಟ್ಟೆ ಕರಗಿಸುವ ಸಾಧನವೆಂಬ ಪ್ರಚಾರ ಜೋರಾದದ್ದು ಎರಡನೆಯ ಮಹಾಯುದ್ಧದ ತರುವಾಯ.

ಉಳಿದವುಗಳ ಹುಟ್ಟೂ ಹೀಗೇ ಆಕಸ್ಮಿಕ. 1937ರಲ್ಲಿ ಮೈಕೆಲ್ ಸ್ವೇಡಾ ಎಂಬ ವಿದ್ಯಾರ್ಥಿಗೆ ಸೇದುತ್ತಿದ್ದ ಸಿಗರೇಟು ಸಿಹಿಯೆನಿಸಿ ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಜೇಮ್ಸ್ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. 1976ರಲ್ಲಿ ಲಂಡನ್ನಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ಶಶಿಕಾಂತ ಫಡ್ನಿಸ್ ಅವರಿಗೆ ಒಂದು ಪುಡಿಯನ್ನು 'ಟೆಸ್ಟ್' ಮಾಡಲು ಹೇಳಿದ್ದು 'ಟೇಸ್ಟ್' ಎಂದು ಕೇಳಿಸಿತಂತೆ, ರುಚಿ ನೋಡಿಯೇಬಿಟ್ಟರು. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಲೋಕಕ್ಕೆ ತಿಳಿದದ್ದು ಹಾಗೆ. (ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ದಯವಿಟ್ಟು ಇವರನ್ನು ಅನುಸರಿಸಬೇಡಿ.) ಸ್ಟೀವಿಯಾದ ಕಥೆ ಮಾತ್ರ ಬೇರೆ. ಪರಾಗ್ವೆ ದೇಶದ ಗ್ವಾರಾನಿ ಜನರಿಗೆ ಈ ಸಿಹಿ ಎಲೆ ಹಿಂದಿನಿಂದಲೂ ಗೊತ್ತಿತ್ತು. ಅದರ ಸತ್ವವನ್ನು ಆಹಾರದಲ್ಲಿ ಬಳಸಲು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಗೆ ಕೊಟ್ಟದ್ದು 2015ರಲ್ಲಿ.

ಈಗ ಆನೆಯ ಪ್ರಶ್ನೆಗೆ ಮರಳೋಣ. ಸಕ್ಕರೆ ಅಡುಗೆಯಲ್ಲಿ ಎರಡು ಕೆಲಸ ಮಾಡುತ್ತದೆ. ನಾಲಿಗೆಗೆ ಸಿಹಿ ಕೊಡುವುದು ಒಂದು. ತಿನಿಸಿಗೆ ಮೈ ಕೊಡುವುದು ಇನ್ನೊಂದು. ಪಾಕ ಎಳೆ ಬರುವುದು, ಆರಿದಾಗ ಹರಳುಗಟ್ಟುವುದು, ಕೇಕು ಉಬ್ಬಿ ಮೆತ್ತಗಿರುವುದು, ಬಿಸ್ಕತ್ತು ಕೆಂಪಾಗುವುದು, ಎಲ್ಲವೂ ಈ ಎರಡನೆಯ ಕೆಲಸ. 1879ರಿಂದ ಬಂದ ಈ ತೀವ್ರ ಸಿಹಿಗಳೆಲ್ಲ ಮೊದಲನೆಯ ಕೆಲಸವನ್ನಷ್ಟೇ ಕಲಿತಿವೆ. ಒಂದು ಬಟ್ಟಲು ಸಕ್ಕರೆಯ ಬದಲು ಚಿಟಿಕೆ ಪುಡಿ ಹಾಕಿದರೆ ಉಳಿದ ಬಟ್ಟಲಿನ ಜಾಗ ಖಾಲಿ ಉಳಿಯುತ್ತದೆ.

ಆದ್ದರಿಂದ ಚಹಾದಲ್ಲಿ ಬದಲಿ ಸುಲಭ; ಅಲ್ಲಿ ಬೇಕಾದದ್ದು ಸಿಹಿ ಮಾತ್ರ. ಆಸ್ಪರ್ಟೇಮ್ ಕಾಯಿಸಿದರೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ; ಅದನ್ನು ಕುದಿಯುವ ಪಾತ್ರೆಗಲ್ಲ, ಇಳಿಸಿದ ಕಪ್ಪಿಗೆ ಹಾಕಬೇಕು. ಪಾಯಸಕ್ಕೂ ಇದೇ ಮಾತು. ಹೋಳಿಗೆಯ ಹೂರಣಕ್ಕೆ ಬೇಳೆಯೇ ಮೈ ಕೊಡುವುದರಿಂದ ಅರ್ಧ ಬೆಲ್ಲ, ಅರ್ಧ ಸ್ಟೀವಿಯಾ ನಡೆದೀತು. ಪೂರ್ತಿ ಸ್ಟೀವಿಯಾ ಆದರೆ ಕೊನೆಗೆ ಒಂದು ಕಹಿ ಉಳಿಯುತ್ತದೆ. ಕೇಕು, ಬಿಸ್ಕತ್ತುಗಳಿಗೆ ಎರಿಥ್ರಿಟಾಲ್, ಮಾಲ್ಟಿಟಾಲ್‌ಗಳಂಥ ಸಕ್ಕರೆ ಆಲ್ಕೊಹಾಲುಗಳು ಮೈ ಕೊಡುತ್ತವೆ. ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಎರಿಥ್ರಿಟಾಲ್ ಮತ್ತು ಹೃದ್ರೋಗದ ನಂಟಿನ ಬಗ್ಗೆ 2023ರಲ್ಲಿ ಪ್ರಕಟವಾದ ಅಧ್ಯಯನ ಸಂಶಯ ಎಬ್ಬಿಸಿದೆ. ಸುಕ್ರಲೋಸ್ ಶಾಖ ತಾಳುತ್ತದೆಂದು ಬಹುಕಾಲ ಹೇಳುತ್ತಿದ್ದರು. ಆದರೆ 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಹಾನಿಕರ ಪದಾರ್ಥಗಳು ಉಂಟಾಗಬಹುದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿತು. ಬೇಕರಿಯ ಒಲೆ ಅದಕ್ಕಿಂತ ಬಿಸಿ. ಇನ್ನು ಬೆಲ್ಲ, ಜೇನುತುಪ್ಪ ಸಕ್ಕರೆಗೆ ಕಡಿಮೆ ಕ್ಯಾಲೊರಿಯ ಬದಲಿ ಎಂಬ ನಂಬಿಕೆ ಬಲವಾಗಿದೆ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಬೆಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ.

ಇದು ಬರಿಯ ರುಚಿಯ ವಿಷಯವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ನೆರವಿನ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ನಿಮ್ಮ ಮನೆಯ ಅಜ್ಜನೋ ಅತ್ತೆಯೋ ಅವರಲ್ಲಿ ಒಬ್ಬರಿರಬಹುದು. ದಿನಕ್ಕೆ 25 ಗ್ರಾಂ ಸಕ್ಕರೆ ದಾಟಬಾರದೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಸಲಹೆ. ಎರಡು ಚಮಚ ಸಕ್ಕರೆಯ ನಾಲ್ಕು ಕಪ್ಪು ಚಹಾಕ್ಕೇ ಅದು ದಾಟುತ್ತದೆ. ಹಾಗೆಂದು ಬದಲಿಯೇ ಪರಿಹಾರವೆನ್ನುವಂತಿಲ್ಲ. ತೂಕ ಇಳಿಸಲೆಂದು ಇವನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಈಗಾಗಲೇ ಮಧುಮೇಹವಿದ್ದವರಿಗೆ ಆ ಸಲಹೆ ಅನ್ವಯಿಸದೆಂದೂ ಅದರಲ್ಲಿದೆ. ಭಯದ ಇತಿಹಾಸವೂ ಏರಿಳಿದಿದೆ: ಇಲಿಗಳ ಪ್ರಯೋಗದ ಬಳಿಕ 1977ರಲ್ಲಿ ಅಮೆರಿಕದಲ್ಲಿ ಸ್ಯಾಕರಿನ್‌ಗೆ ಹಚ್ಚಿದ ಕ್ಯಾನ್ಸರ್ ಎಚ್ಚರಿಕೆ 2000ದಲ್ಲಿ ತೆಗೆಯಲ್ಪಟ್ಟಿತು.

ನನ್ನ ಮಟ್ಟಿಗೆ ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುವುದೇ ಎಲ್ಲಕ್ಕಿಂತ ಒಳ್ಳೆಯ ಬದಲಿ. ನಾಲಿಗೆ ಒಂದೆರಡು ತಿಂಗಳಲ್ಲಿ ಒಗ್ಗುತ್ತದೆ. ಡಬ್ಬಿಯನ್ನೇ ಕೊಳ್ಳುವುದಾದರೆ ಹಿಂಬದಿಯ ಸಣ್ಣಕ್ಷರ ಓದಿ. ಪುಡಿಯ ಗಾತ್ರಕ್ಕಾಗಿ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದ್ದರೆ ಅದೂ ಪಿಷ್ಟವೇ. ಸಕ್ಕರೆರಹಿತ ಬಿಸ್ಕತ್ತಿನಲ್ಲಿ ಮೈದಾ ಹಾಗೇ ಇರುತ್ತದೆ. ಮತ್ತು ಅದೇ ಸಣ್ಣಕ್ಷರಗಳಲ್ಲಿ ಮಕ್ಕಳಿಗೆ ಇದು ಸೂಕ್ತವಲ್ಲವೆಂಬ ಸಾಲು ಇದ್ದರೆ, ತಮ್ಮ ತಂಗಿಯರ ಹಾಲಿನ ಲೋಟದಿಂದ ಅದನ್ನು ದೂರವಿಡಿ.