ವೆಂಬ್ಲಿಯ ಸಿಂಹಗಳು: ಅಳಿದುಹೋದ ಒಂದು ಸ್ಪೀಡ್‌ವೇ ತಂಡದ ಇತಿಹಾಸ

ರಾಜವಂಶಗಳನ್ನೂ ಯುದ್ಧ-ಕೌಲುಗಳನ್ನೂ ಪರಿಶೀಲಿಸುವುದರಲ್ಲಿ ನಿರತವಾಗಿರುವ ನಮ್ಮ ಇತಿಹಾಸ ವಿಭಾಗಗಳಿಗೆ, ಮೋಟಾರ್ ಸೈಕಲ್ ಓಟದ ತಂಡವೊಂದು ಸಂಶೋಧನೆಗೆ ತಕ್ಕ ವಸ್ತುವೇ ಎಂಬ ಶಂಕೆ ಮೂಡುವುದು ಸಹಜ. ಆದರೆ 1946ರಲ್ಲಿ ಒಂದು ರಾತ್ರಿ ಸುಮಾರು 85 ಸಾವಿರ ಜನ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದೊಳಗೆ ಸೇರಿ, ಒಳಗೆ ಸ್ಥಳ ದೊರೆಯದ ಇನ್ನೂ ಸಹಸ್ರಾರು ಮಂದಿ ಹೊರಗೆ ನಿಂತು ಧ್ವನಿವರ್ಧಕದ ಮೂಲಕ ಫಲಿತಾಂಶಗಳನ್ನು ಕೇಳುತ್ತಿದ್ದರೆಂಬ ಸಂಗತಿಯನ್ನು ಸಮಾಜದ ಇತಿಹಾಸಕಾರನು ಅಲಕ್ಷಿಸಲಾರ. ಆ ತಂಡವು ಹತ್ತೇ ವರ್ಷಗಳ ತರುವಾಯ ಹೇಗೆ ಇಲ್ಲವಾಯಿತು ಎಂಬುದೇ ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವ ಪ್ರಶ್ನೆ.

ವಾಚಕರಲ್ಲಿ ಅನೇಕರು ಈ ಆಟವನ್ನು ಕಂಡಿರಲಾರರಾದುದರಿಂದ ಅದರ ಸ್ವರೂಪವನ್ನು ಮೊದಲು ಹೇಳಬೇಕು. ಅಂಡಾಕಾರದ ಹಾದಿಯ ಮೇಲೆ ಆಗ ಕಿಟ್ಟದ ಪುಡಿಯನ್ನು ಹಾಸಿರುತ್ತಿದ್ದರು. ಪ್ರತಿಯೊಂದು ಓಟದಲ್ಲಿಯೂ ತಂಡಕ್ಕೆ ಇಬ್ಬರಂತೆ ನಾಲ್ವರು ಸವಾರರು ನಾಲ್ಕು ಸುತ್ತು ಸುತ್ತುತ್ತಾರೆ. ಮೊದಲಿಗನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1 ಅಂಕ. ಕಡೆಯವನಿಗೆ ಏನೂ ಇಲ್ಲ. ಗಾಡಿಗೆ ತಡೆ ಇಲ್ಲ, ಗೇರು ಒಂದೇ, ಇಂಧನ ಮೆಥನಾಲು. ಸವಾರನು ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಗೊಟ್ಟು ತಿರುವನ್ನು ದಾಟುತ್ತಾನೆ. ಒಂದು ಓಟಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ದಿನವೆಲ್ಲ ದುಡಿದ ಕಾರ್ಮಿಕನು ಸಂಜೆ ಮನೆಮಂದಿಯೊಡನೆ ಬಂದು ನೋಡಿ ಹೋಗಬಹುದಾದ ಆಟವಿದು. ಅದರ ಜನಪ್ರಿಯತೆಯ ಮರ್ಮ ಬಹುಮಟ್ಟಿಗೆ ಇಲ್ಲಿಯೇ ಇದೆ.

ಆಸ್ಟ್ರೇಲಿಯದಲ್ಲಿ ರೂಢಿಗೆ ಬಂದಿದ್ದ ಈ ಓಟವು 1928ರಲ್ಲಿ ಇಂಗ್ಲೆಂಡಿನಲ್ಲಿ ಬೇರೂರಿತು. ವೆಂಬ್ಲಿಯ ಕ್ರೀಡಾಂಗಣವು 1924-25ರ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನದ ನಿಮಿತ್ತ ನಿರ್ಮಿತವಾದುದು. ಪ್ರದರ್ಶನ ಮುಗಿದ ಮೇಲೆ ಅದು ಯಾರಿಗೂ ಬೇಡವಾದ ಭಾರವಾಗಿ ನಿಂತಿತು. ಅದೇ ಪ್ರದರ್ಶನದಲ್ಲಿ ತಂಬಾಕಿನ ಮಳಿಗೆಯಲ್ಲಿದ್ದ ಆರ್ಥರ್ ಎಲ್ವಿನ್ ಎಂಬಾತನು 1927ರಲ್ಲಿ ಕ್ರೀಡಾಂಗಣವನ್ನು ಕೊಂಡು, ನಾಯಿಗಳ ಓಟವನ್ನು ಆರಂಭಿಸಿದನು. 1929ರಲ್ಲಿ ಸ್ಪೀಡ್‌ವೇ ತಂಡವನ್ನೂ ಕಟ್ಟಿದನು. ಫುಟ್‌ಬಾಲಿನ ಕಪ್ ಅಂತಿಮ ಪಂದ್ಯ ವರ್ಷಕ್ಕೊಂದು ಸಲ ಮಾತ್ರ ಬರುತ್ತಿತ್ತು. ಅಷ್ಟು ದೊಡ್ಡ ಅಂಗಣದ ವೆಚ್ಚ ಹುಟ್ಟಬೇಕಾದರೆ ಉಳಿದ ದಿನಗಳಿಗೂ ಪ್ರೇಕ್ಷಕರು ಬೇಕು. ಸಿಂಹಗಳೆಂಬ ಹೆಸರಿನ ಈ ತಂಡದ ಜನ್ಮಕ್ಕೆ ಈ ಲೆಕ್ಕವೇ ಕಾರಣ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ತಂಡವು 1930 ಮತ್ತು 1931ರಲ್ಲಿ ದಕ್ಷಿಣ ಲೀಗನ್ನೂ 1932ರಲ್ಲಿ ರಾಷ್ಟ್ರೀಯ ಲೀಗನ್ನೂ ಗೆದ್ದಿತು. 1936ರ ಸೆಪ್ಟೆಂಬರಿನಲ್ಲಿ ಮೊದಲ ವಿಶ್ವ ಅಂತಿಮ ಪಂದ್ಯ ವೆಂಬ್ಲಿಯಲ್ಲಿಯೇ ನಡೆದು, ಸಿಂಹಗಳ ಆಸ್ಟ್ರೇಲಿಯನ್ ಸವಾರ ಲಯೊನೆಲ್ ವಾನ್ ಪ್ರಾಗ್ ವಿಜಯಿಯಾದನು. ಅಂದು ಐದು ಓಟಗಳನ್ನೂ ಗೆದ್ದವನು ಬ್ಲೂಯಿ ವಿಲ್ಕಿನ್ಸನ್. ಆದರೆ ಹಿಂದಿನ ಸುತ್ತುಗಳಿಂದ ಕೂಡಿಬಂದ ಅಂಕಗಳ ನಿಯಮದಿಂದಾಗಿ ಅವನಿಗೆ ಮೂರನೆಯ ಸ್ಥಾನವಷ್ಟೇ ದೊರೆಯಿತು. ಈ ಅನ್ಯಾಯಕ್ಕೆ ಅವನು 1938ರಲ್ಲಿ ಅದೇ ಅಂಗಣದಲ್ಲಿ ಉತ್ತರ ಕೊಟ್ಟನೆಂಬುದು ಸಮಾಧಾನದ ವಿಷಯ.

ಯುದ್ಧಾನಂತರದ ಕಾಲವೇ ತಂಡದ ವೈಭವಯುಗ. 1946, 1947, ಮತ್ತೆ 1949ರಿಂದ 1953ರವರೆಗೆ ಎಡೆಬಿಡದೆ, ಒಟ್ಟು ಏಳು ಬಾರಿ ರಾಷ್ಟ್ರೀಯ ಲೀಗು ಸಿಂಹಗಳದಾಯಿತು. 1949ರಲ್ಲಿ ಟಾಮಿ ಪ್ರೈಸ್ ವಿಶ್ವವಿಜೇತರಾದ ಮೊದಲನೆಯ ಇಂಗ್ಲಿಷ್ ಸವಾರನೆನಿಸಿದನು. ವೇಲ್ಸಿನ ಫ್ರೆಡ್ಡಿ ವಿಲಿಯಮ್ಸ್ 1950ರಲ್ಲಿಯೂ 1953ರಲ್ಲಿಯೂ ಆ ಪದವಿಯನ್ನು ಪಡೆದನು. ನಡುವೆ ಕೈತಪ್ಪಿದ 1948ನ್ನು ನಾವು ವಿಶೇಷವಾಗಿ ಗಮನಿಸಬೇಕು. ಆ ವರ್ಷ ವೆಂಬ್ಲಿಯಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುದರಿಂದ ಸಿಂಹಗಳು ತಮ್ಮ ಕೆಲವು ಪಂದ್ಯಗಳನ್ನು ವಿಂಬಲ್ಡನ್ ತಂಡದ ಅಂಗಣದಲ್ಲಿ ಆಡಬೇಕಾಯಿತು. ಕಿರೀಟ ನ್ಯೂ ಕ್ರಾಸ್ ತಂಡಕ್ಕೆ ಹೋಯಿತು. ದೇಶದಲ್ಲಿಯೇ ಪ್ರಬಲವಾದ ತಂಡವು ತನ್ನ ಮನೆಯಲ್ಲಿಯೇ ಒಕ್ಕಲೆಂಬುದು ಆಗಲೇ ಬಯಲಾಗಿತ್ತು.

1950ರ ದಶಕದಲ್ಲಿ ಪ್ರೇಕ್ಷಕರ ಸಂಖ್ಯೆ ಇಳಿಯತೊಡಗಿತು. ಇದಕ್ಕೆ ಮನೆಮನೆಗೆ ಬಂದ ಟೆಲಿವಿಷನ್ ಕಾರಣವೆಂದು ಕೆಲವರೂ, ಮನೋರಂಜನ ತೆರಿಗೆ ಕಾರಣವೆಂದು ಕೆಲವರೂ ಹೇಳುತ್ತಾರೆ. ತೆರಿಗೆಯ ವಾದದಲ್ಲಿ ಸತ್ಯಾಂಶವುಂಟು. ಯಂತ್ರದ ಆಟವೆಂಬ ನೆಪದಿಂದ ಸ್ಪೀಡ್‌ವೇಯ ಮೇಲೆ ಫುಟ್‌ಬಾಲ್ ಮತ್ತು ಕ್ರಿಕೆಟ್ಟುಗಳಿಗಿಂತ ಭಾರವಾದ ದರವನ್ನು ಹೇರಲಾಗಿತ್ತು. ಹಲವು ಚಿಕ್ಕ ತಂಡಗಳು ಮುಚ್ಚಿದುವು. 1957ರ ರಾಷ್ಟ್ರೀಯ ಲೀಗಿನಲ್ಲಿ ಉಳಿದುವು 11 ಮಾತ್ರ. ಆದರೆ ಆ 11ರಲ್ಲಿ ವೆಂಬ್ಲಿ ಇರಲಿಲ್ಲವೆಂಬುದೇ ಸೋಜಿಗ. ತೆರಿಗೆಯೂ ಟೆಲಿವಿಷನ್ನೂ ಎಲ್ಲರಿಗೂ ಸಮಾನವಾಗಿದ್ದುವು. ನಾರಿಚ್, ಇಪ್ಸ್‌ವಿಚ್‌ಗಳಂತಹ ಊರುಗಳ ತಂಡಗಳು ಬದುಕಿ ಉಳಿದು, ವೆಂಬ್ಲಿಯೇ ಅಳಿಯಿತೆಂದರೆ ಆ ಎರಡು ಕಾರಣಗಳಿಂದ ಇದನ್ನು ವಿವರಿಸಲಾಗದು.

ಸರ್ ಆರ್ಥರ್ ಎಲ್ವಿನ್ 1957ರ ಫೆಬ್ರವರಿಯಲ್ಲಿ ಸಮುದ್ರಯಾನದಲ್ಲಿರುವಾಗ ಮರಣ ಹೊಂದಿದನು. ಆ ಋತು ಆರಂಭವಾಗುವ ಮುನ್ನವೇ ತಂಡವನ್ನು ಮುಚ್ಚಲಾಯಿತು. ಸಹಸ್ರಾರು ಸದಸ್ಯರಿದ್ದ ಅಭಿಮಾನಿಗಳ ಸಂಘಕ್ಕೆ ತಂಡದ ಮೇಲೆ ಯಾವ ಹಕ್ಕೂ ಇರಲಿಲ್ಲ. ಕ್ರೀಡಾ ಪಂದ್ಯಗಳ ಮೇಲಿನ ತೆರಿಗೆಯನ್ನು ಬ್ರಿಟಿಷ್ ಸರ್ಕಾರವು ರದ್ದುಗೊಳಿಸಿದುದು ಅದೇ ವರ್ಷದ ಆಯವ್ಯಯದಲ್ಲಿ! ಒಬ್ಬ ಯಜಮಾನನ ಆಸಕ್ತಿಯೇ ತಂಡದ ಆಧಾರಸ್ತಂಭವಾಗಿತ್ತೆಂದೂ, ಆ ಕಂಬ ಬಿದ್ದೊಡನೆ ಅದನ್ನು ಎತ್ತಿ ನಿಲ್ಲಿಸುವ ಸಂಸ್ಥೆಯಾವುದೂ ಇರಲಿಲ್ಲವೆಂದೂ ನಮ್ಮ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ತಂಡದ ಪುನರ್ಜನ್ಮವೂ ಪುಷ್ಟಿ ಕೊಡುತ್ತದೆ. ಹಿಂದೆ ಸಿಂಹಗಳ ಪರವಾಗಿಯೇ ಓಡಿದ್ದ ನ್ಯೂಜಿಲೆಂಡಿನ ಟ್ರೆವರ್ ರೆಡ್ಮಂಡ್ ಮತ್ತು ಬರ್ನಾರ್ಡ್ ಕಾಟ್ರೆಲ್ 1970ರಲ್ಲಿ ಸ್ಕಾಟ್ಲೆಂಡಿನ ಕೋಟ್‌ಬ್ರಿಜ್ ತಂಡದ ಪರವಾನಗಿಯನ್ನು ಕೊಂಡು ವೆಂಬ್ಲಿಗೆ ತಂದರು. ಆ ತಂಡವೂ ಸ್ಥಾನಭ್ರಷ್ಟವಾದುದೇ. ಮೊದಲು ಎಡಿನ್‌ಬರೊದಲ್ಲಿದ್ದು, 1970ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಮೆಡೋಬ್ಯಾಂಕ್ ಅಂಗಣವನ್ನು ಹೊಸದಾಗಿ ಕಟ್ಟಹೊರಟಾಗ 1967ರ ತರುವಾಯ ಅಲ್ಲಿಂದ ಹೊರಬಿದ್ದಿತ್ತು. ವೆಂಬ್ಲಿಯ ಹೊಸ ತಂಡದಲ್ಲಿ ಸ್ವೀಡನ್ನಿನ ಓವೆ ಫುಂಡಿನ್‌ರಂತಹ ಘಟಾನುಘಟಿ ಇದ್ದರು. ಅಷ್ಟರಲ್ಲಿ ಗಾಡಿಗಳೂ ಬದಲಾಗಿದ್ದುವು. ಲಂಡನ್ನಿನ ಟಾಟನ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಜ್ಯಾಪ್ ಎಂಜಿನ್ನನ್ನು ಜೆಕೊಸ್ಲೊವಾಕಿಯದ ಎಸೊ ಬದಿಗೊತ್ತಿ, ಜಾವಾ ಎಂಬ ಹೆಸರನ್ನು ತಳೆದಿತ್ತು. ಅದೇ ಜಾವಾ ಹೆಸರಿನ ರಸ್ತೆಯ ಗಾಡಿಗಳು ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿಯೂ ತಯಾರಾಗುತ್ತಿದ್ದುದನ್ನು ವಾಚಕರು ಬಲ್ಲರು.

ಪ್ರೇಕ್ಷಕರು ಬಂದರು, ದಿನಾಂಕಗಳು ದೊರೆಯಲಿಲ್ಲ. ಫುಟ್‌ಬಾಲ್ ಮತ್ತಿತರ ಕಾರ್ಯಕ್ರಮಗಳ ನಡುವೆ ಲೀಗಿಗೆ ಬೇಕಾದಷ್ಟು ದಿನಗಳನ್ನು ಕ್ರೀಡಾಂಗಣವು ಕೊಡಲಾಗದೆ ಹೋದುದರಿಂದ 1971ರ ಋತುವೇ ಕಡೆಯದಾಯಿತು. ಎಲ್ವಿನ್ನನ ಕಾಲದಲ್ಲಿ ಖಾಲಿ ದಿನಗಳನ್ನು ತುಂಬಲು ಹುಟ್ಟಿದ ತಂಡಕ್ಕೆ ಈಗ ಖಾಲಿ ದಿನಗಳೇ ಉಳಿದಿರಲಿಲ್ಲ. ವಿಶ್ವ ಅಂತಿಮ ಪಂದ್ಯಗಳು ಮಾತ್ರ ಆಗಾಗ ಅಲ್ಲಿ ನಡೆಯುತ್ತ ಬಂದುವು. 1981ರಲ್ಲಿ ಅಮೆರಿಕದ ಬ್ರೂಸ್ ಪೆನ್‌ಹಾಲ್ ಗೆದ್ದುದು ಅವುಗಳಲ್ಲಿ ಕೊನೆಯದು. ಅಂಗಣದ ಜೋಡಿ ಗೋಪುರಗಳನ್ನು 2003ರಲ್ಲಿ ಕೆಡವಲಾಯಿತು.